ಸಂಕುಚಿತ ಸಂಗೀತ ಕಡತಗಳಿಗೆ ಮಾದರಿ ದರದ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ರಾಜ್ಯದ ಅನೇಕ ಮನೆಗಳಲ್ಲಿ, ಶಾಲೆಗಳಲ್ಲಿ ಹಾಗೂ ಭಜನಾ ಮಂಡಳಿಗಳಲ್ಲಿ ಸೋಬಾನೆ ಪದ, ತಾಳಮದ್ದಳೆ, ಹರಿಕಥೆ ಮತ್ತು ಸಂಗೀತ ಕಚೇರಿಗಳನ್ನು ಮುದ್ರಿಸಿಕೊಂಡ ಹಳೆಯ ಕ್ಯಾಸೆಟ್ಟುಗಳಿವೆ. ಇವುಗಳಲ್ಲಿ ಹಲವಕ್ಕೆ ಎರಡನೆಯ ಪ್ರತಿ ಇಲ್ಲ. ಹಾಡಿದವರಲ್ಲಿ ಅನೇಕರು ಈಗ ನಮ್ಮೊಂದಿಗಿಲ್ಲ. ಟೇಪು ಕಾಲಕ್ರಮದಲ್ಲಿ ಶಿಥಿಲವಾಗುವುದರಿಂದಲೂ, ಕ್ಯಾಸೆಟ್ ನುಡಿಸುವ ಯಂತ್ರಗಳು ವಿರಳವಾಗಿರುವುದರಿಂದಲೂ, ಇವನ್ನು ಗಣಕಯಂತ್ರಕ್ಕೆ ವರ್ಗಾಯಿಸಿಕೊಳ್ಳುವುದು ಅವಶ್ಯಕವಾಗಿದೆ. ವರ್ಗಾವಣೆಯ ಸಂದರ್ಭದಲ್ಲಿ ತಂತ್ರಾಂಶವು ಕೇಳುವ ‘ಸ್ಯಾಂಪಲ್ ರೇಟ್’, ಅಂದರೆ ಮಾದರಿ ದರವನ್ನು ಸ್ಥಳ ಉಳಿಸುವ ಉದ್ದೇಶದಿಂದ ತಗ್ಗಿಸುವ ರೂಢಿ ಇದೆ. ಇದರಿಂದ ಬಹುತೇಕ ಸಂದರ್ಭಗಳಲ್ಲಿ ಸ್ಥಳ ಉಳಿಯುವುದಿಲ್ಲ. ಧ್ವನಿ ಮಾತ್ರ ನಷ್ಟವಾಗುತ್ತದೆ. ಈ ಬಗ್ಗೆ ತಿಳಿವಳಿಕೆ ನೀಡುವುದು ಪ್ರಸ್ತುತ ಲೇಖನದ ಉದ್ದೇಶ.

1. ಮಾದರಿ ದರ ಎಂದರೇನು?

ಧ್ವನಿಯು ಗಾಳಿಯ ಕಂಪನ. ಗಣಕಯಂತ್ರವು ಈ ಕಂಪನವನ್ನು ನಿಗದಿತ ಅಂತರದಲ್ಲಿ ಅಳೆದು ಸಂಖ್ಯೆಗಳಾಗಿ ದಾಖಲಿಸುತ್ತದೆ. ಒಂದು ಸೆಕೆಂಡಿಗೆ ಎಷ್ಟು ಬಾರಿ ಅಳೆಯಲಾಗುತ್ತದೆ ಎಂಬುದೇ ಮಾದರಿ ದರ. ಇದನ್ನು ಹರ್ಟ್ಸ್‌ಗಳಲ್ಲಿ ಹೇಳಲಾಗುತ್ತದೆ. ಕಾಂಪ್ಯಾಕ್ಟ್ ಡಿಸ್ಕ್‌ನಲ್ಲಿ ಈ ದರ 44,100 ಹರ್ಟ್ಸ್. ಚಲನಚಿತ್ರ ಹಾಗೂ ವಿಡಿಯೋ ಕಡತಗಳಲ್ಲಿ ಸಾಮಾನ್ಯವಾಗಿ 48,000 ಹರ್ಟ್ಸ್.

2. ಎಷ್ಟು ದರ ಸಾಕು?

ಆರೋಗ್ಯವಂತ ಯುವಕರ ಕಿವಿಗೆ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಧ್ವನಿ ಕೇಳಿಸುತ್ತದೆ. ವಯಸ್ಸಾದಂತೆ ಮೇಲಿನ ಮಿತಿ ಇಳಿಯುತ್ತದೆ. ಒಂದು ಧ್ವನಿಯನ್ನು ಸರಿಯಾಗಿ ದಾಖಲಿಸಲು ಅದರ ಕಂಪನಾಂಕದ ಎರಡು ಪಟ್ಟಿಗಿಂತ ಹೆಚ್ಚಿನ ಮಾದರಿ ದರ ಬೇಕು. ಹ್ಯಾರಿ ನೈಕ್ವಿಸ್ಟ್ ಮತ್ತು ಕ್ಲಾಡ್ ಶಾನನ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಈ ನಿಯಮದಂತೆ 20,000 ಹರ್ಟ್ಸ್ ಧ್ವನಿಗೆ 40,000ಕ್ಕಿಂತ ಹೆಚ್ಚಿನ ದರ ಅಗತ್ಯ. ಮಿತಿ ಮೀರಿದ ಧ್ವನಿಯನ್ನು ಸೋಸಿ ತೆಗೆಯಲು ಇನ್ನೂ ಸ್ವಲ್ಪ ಅಂತರ ಬೇಕಾಗುತ್ತದೆ. ಹೀಗೆ ಸೋಸದಿದ್ದಲ್ಲಿ ಅಂತಹ ಧ್ವನಿ ಸುಳ್ಳು ಸ್ವರವಾಗಿ ಕೆಳಗಿಳಿದು ಬರುತ್ತದೆ. ಉದಾಹರಣೆಗೆ, 22,050ರ ದರದಲ್ಲಿ ಸೋಸದೆ ದಾಖಲಿಸಿದ 15,000 ಹರ್ಟ್ಸ್ ಧ್ವನಿಯು 7,050 ಹರ್ಟ್ಸ್ ಧ್ವನಿಯಾಗಿ ಕೇಳಿಸುತ್ತದೆ.

44,100 ಎಂಬ ನಿರ್ದಿಷ್ಟ ಸಂಖ್ಯೆಗೂ ಕಾರಣವಿದೆ. ಆರಂಭದಲ್ಲಿ ಡಿಜಿಟಲ್ ಧ್ವನಿಯನ್ನು ವಿಡಿಯೋ ಟೇಪಿನಲ್ಲಿ ದಾಖಲಿಸಲಾಗುತ್ತಿತ್ತು. ಸೆಕೆಂಡಿಗೆ 60 ಬಾರಿ, ಪ್ರತಿ ಬಾರಿ 245 ಗೆರೆಗಳು, ಪ್ರತಿ ಗೆರೆಯಲ್ಲಿ 3 ಮಾದರಿಗಳು ಎಂದು ಗುಣಿಸಿದರೆ 44,100 ಆಗುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕ್ ಇದೇ ದರವನ್ನು ಉಳಿಸಿಕೊಂಡಿತು.

3. ಮಾದರಿ ದರ ಮತ್ತು ಬಿಟ್ ದರದ ವ್ಯತ್ಯಾಸ

ಸಂಕುಚಿತಗೊಳಿಸದ ಕಡತದಲ್ಲಿ ಮಾದರಿ ದರ ಅರ್ಧವಾದರೆ ಗಾತ್ರವೂ ಅರ್ಧವಾಗುತ್ತದೆ. ಎಂಪಿ3ಯಂತಹ ಸಂಕುಚಿತ ಕಡತದಲ್ಲಿ ಹಾಗಲ್ಲ. ಅದರ ಗಾತ್ರವನ್ನು ನಿರ್ಧರಿಸುವುದು ಬಿಟ್ ದರ, ಅಂದರೆ ಒಂದು ಸೆಕೆಂಡಿನ ಧ್ವನಿಗೆ ವೆಚ್ಚ ಮಾಡುವ ಬಿಟ್‌ಗಳ ಸಂಖ್ಯೆ. ಸೆಕೆಂಡಿಗೆ 128 ಕಿಲೋಬಿಟ್ ಎಂದು ನಿಗದಿಪಡಿಸಿದಲ್ಲಿ ಒಂದು ಗಂಟೆಯ ಎಂಪಿ3 ಕಡತವು 44,100 ಹರ್ಟ್ಸ್‌ನಲ್ಲಿಯೂ 57.6 ಎಂ.ಬಿ., 22,050 ಹರ್ಟ್ಸ್‌ನಲ್ಲಿಯೂ 57.6 ಎಂ.ಬಿ. ಇರುತ್ತದೆ. ಆದರೆ ಎರಡನೆಯದರಲ್ಲಿ ಸುಮಾರು 11,000 ಹರ್ಟ್ಸ್‌ಗಿಂತ ಮೇಲಿನ ಧ್ವನಿ ಇರುವುದಿಲ್ಲ. ತಾಳದ ಝೇಂಕಾರ, ಗೆಜ್ಜೆಯ ನಾದ ಮತ್ತು ಚಂಡೆಯ ಪೆಟ್ಟಿನ ಮೊನೆ ಮಂಕಾಗುತ್ತವೆ.

ಬಿಟ್ ದರ ತೀರಾ ಕಡಿಮೆ ಇರುವಾಗ ಮಾತ್ರ ಮಾದರಿ ದರವನ್ನು ಇಳಿಸುವುದು ಸಮಂಜಸ. ಆಗ ಇರುವ ಅಲ್ಪ ಬಿಟ್‌ಗಳನ್ನು ಎತ್ತರದ ಧ್ವನಿಗೆ ಹಂಚದೆ, ಮುಖ್ಯವಾದ ಮಧ್ಯಮ ಧ್ವನಿಗೆ ಬಳಸಿದಂತಾಗುತ್ತದೆ.

4. ಯಾವ ಬಳಕೆಗೆ ಯಾವ ದರ?

(ಅ) 8,000 ಹರ್ಟ್ಸ್: ಸಾಂಪ್ರದಾಯಿಕ ದೂರವಾಣಿಯ ದರ. ‘ಸ’ಕಾರದ ಶಕ್ತಿಯ ಬಹುಭಾಗ 4,000 ಹರ್ಟ್ಸ್ ಮೇಲಿರುವುದರಿಂದ ಮಾತು ಕೂಡ ಅಸ್ಪಷ್ಟವಾಗುತ್ತದೆ. ಸಂಗೀತಕ್ಕೆ ಯೋಗ್ಯವಲ್ಲ.

(ಆ) 22,050 ಅಥವಾ 24,000 ಹರ್ಟ್ಸ್: ಭಾಷಣ, ಪಾಠ ಮತ್ತು ಉಪನ್ಯಾಸಗಳ ಚಿಕ್ಕ ಕಡತಗಳಿಗೆ ಸಾಕು.

(ಇ) 32,000 ಹರ್ಟ್ಸ್: ಎಫ್.ಎಂ. ಬಾನುಲಿಯ 15,000 ಹರ್ಟ್ಸ್ ವ್ಯಾಪ್ತಿಗೆ ಸಾಲುತ್ತದೆ.

(ಈ) 44,100 ಹರ್ಟ್ಸ್: ಕಾಂಪ್ಯಾಕ್ಟ್ ಡಿಸ್ಕ್‌ನಿಂದ ಪಡೆಯುವ ಎಲ್ಲ ಪ್ರತಿಗಳಿಗೆ.

(ಉ) 48,000 ಹರ್ಟ್ಸ್: ಕ್ಯಾಸೆಟ್ ವರ್ಗಾವಣೆ, ಹೊಸ ಧ್ವನಿಮುದ್ರಣ ಮತ್ತು ವಿಡಿಯೋಗೆ.

5. ಅಸಲು ಪ್ರತಿ ಮತ್ತು ಬಳಕೆ ಪ್ರತಿ

ಲೆಕ್ಕಪತ್ರದಲ್ಲಿ ಮೂಲ ರಶೀದಿಗೆ ಇರುವ ಸ್ಥಾನವೇ ಇಲ್ಲಿ ಅಸಲು ಪ್ರತಿಗೆ ಇದೆ. ಎಂಪಿ3 ವಿಧಾನವು ಕಿವಿಗೆ ಅಷ್ಟಾಗಿ ಗೋಚರಿಸದ ಧ್ವನಿಯನ್ನು ಕೈಬಿಟ್ಟು ಗಾತ್ರ ತಗ್ಗಿಸುತ್ತದೆ. ಕೈಬಿಟ್ಟದ್ದು ಮರಳಿ ದೊರೆಯದು. ಆದ್ದರಿಂದ ಮೊದಲು ವೇವ್ ಅಥವಾ ಫ್ಲಾಕ್ ರೂಪದಲ್ಲಿ ಅಸಲು ಪ್ರತಿಯನ್ನು ಮಾಡಿಟ್ಟುಕೊಂಡು, ಅದರಿಂದ ಬಳಕೆ ಪ್ರತಿಗಳನ್ನು ತೆಗೆಯತಕ್ಕದ್ದು. ಫ್ಲಾಕ್ ವಿಧಾನದಲ್ಲಿ ಗಾತ್ರ ತಗ್ಗಿದರೂ ಧ್ವನಿ ನಷ್ಟವಾಗುವುದಿಲ್ಲ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವು ಅಸಲು ಪ್ರತಿಗೆ ಕನಿಷ್ಠ 48,000 ಹರ್ಟ್ಸ್ ಮತ್ತು 24 ಬಿಟ್ ಶಿಫಾರಸು ಮಾಡಿದೆ.

ಒಂದು ಗಂಟೆಯ ಧ್ವನಿಗೆ ತಗಲುವ ಸ್ಥಳದ ವಿವರ ಈ ಕೆಳಕಂಡಂತಿದೆ:

ವೇವ್, 48,000 ಹರ್ಟ್ಸ್, 24 ಬಿಟ್, ಸ್ಟೀರಿಯೋ: ಸುಮಾರು 1,037 ಎಂ.ಬಿ.
ವೇವ್, 48,000 ಹರ್ಟ್ಸ್, 24 ಬಿಟ್, ಮೋನೋ: ಸುಮಾರು 518 ಎಂ.ಬಿ.
ವೇವ್, 44,100 ಹರ್ಟ್ಸ್, 16 ಬಿಟ್, ಸ್ಟೀರಿಯೋ: ಸುಮಾರು 635 ಎಂ.ಬಿ.
ಎಂಪಿ3, 192 ಕಿಲೋಬಿಟ್: ಸುಮಾರು 86 ಎಂ.ಬಿ.

ಇದರಂತೆ ಒಂದು ಗಂಟೆಯ 100 ಕ್ಯಾಸೆಟ್ಟುಗಳ ಅಸಲು ಪ್ರತಿಗೆ ಸ್ಟೀರಿಯೋ ಆದರೂ ಸುಮಾರು 104 ಜಿ.ಬಿ. ಸಾಕು. ಇದು 128 ಜಿ.ಬಿ. ಸಾಮರ್ಥ್ಯದ ಒಂದು ಪೆನ್ ಡ್ರೈವ್‌ನಲ್ಲಿ ಹಿಡಿಯುತ್ತದೆ. ಇಷ್ಟು ಸ್ಥಳವನ್ನು ಉಳಿಸಲು ಹೋಗಿ ಮತ್ತೆ ಹಾಡಿಸಲಾಗದ ಹಾಡಿನ ಗುಣಮಟ್ಟವನ್ನು ಕಳೆದುಕೊಳ್ಳುವುದು ಮಿತವ್ಯಯ ಎನಿಸದು.

6. ಗಮನಿಸಬೇಕಾದ ಅಂಶಗಳು

(ಅ) ಒಂದೇ ಮೈಕ್‌ನಿಂದ ಮೋನೋ ಆಗಿ ಮುದ್ರಿತವಾದ ಕ್ಯಾಸೆಟ್ಟನ್ನು ಮೋನೋ ಆಗಿಯೇ ವರ್ಗಾಯಿಸಬಹುದು. ಸ್ಥಳವನ್ನು ನಿಜವಾಗಿ ಉಳಿಸುವ ಮಾರ್ಗ ಇದು.

(ಆ) ಕಡಿಮೆ ದರದ ಕಡತವನ್ನು ನಂತರ 44,100 ಅಥವಾ 48,000ಕ್ಕೆ ಏರಿಸಿದರೆ ಸಂಖ್ಯೆ ಬದಲಾಗುತ್ತದೆಯೇ ಹೊರತು, ಹೋದ ಧ್ವನಿ ಹಿಂತಿರುಗುವುದಿಲ್ಲ.

(ಇ) ಬಳಕೆ ಪ್ರತಿಗೆ ಅಸಲು ಪ್ರತಿಯ ಮಾದರಿ ದರವನ್ನೇ ಉಳಿಸಿಕೊಳ್ಳುವುದು ಸೂಕ್ತ. ಸಂಗೀತಕ್ಕೆ 192 ಕಿಲೋಬಿಟ್ ಅಥವಾ ಹೆಚ್ಚಿನ ಬಿಟ್ ದರವಿರಲಿ.

(ಈ) ಒಂದು ಎಂಪಿ3 ಕಡತದಿಂದ ಮತ್ತೊಂದು ಎಂಪಿ3 ತಯಾರಿಸಬಾರದು. ಪ್ರತಿ ಬಾರಿಯೂ ಧ್ವನಿ ಇನ್ನಷ್ಟು ಕುಂದುತ್ತದೆ.

(ಉ) ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಸುಮಾರು 15,000 ಹರ್ಟ್ಸ್ ಮೇಲೆ ಹೆಚ್ಚಿನ ಧ್ವನಿ ಇರುವುದಿಲ್ಲವಾದ್ದರಿಂದ, ಮನೆಯ ವರ್ಗಾವಣೆಗೆ 96,000 ಹರ್ಟ್ಸ್ ದರ ಕಡ್ಡಾಯವೇನಲ್ಲ.

(ಊ) ಅಸಲು ಪ್ರತಿಯನ್ನು ಎರಡು ಬೇರೆ ಬೇರೆ ಸಾಧನಗಳಲ್ಲಿ, ಸಾಧ್ಯವಾದಲ್ಲಿ ಎರಡು ಬೇರೆ ಸ್ಥಳಗಳಲ್ಲಿ ಇರಿಸತಕ್ಕದ್ದು. ವರ್ಗಾವಣೆಯ ನಂತರವೂ ಮೂಲ ಕ್ಯಾಸೆಟ್ಟನ್ನು ವಿಲೇವಾರಿ ಮಾಡಬಾರದು.

ಸಾರಾಂಶ

ಅಸಲು ಪ್ರತಿಗೆ 48,000 ಹರ್ಟ್ಸ್ ದರ ಇರಲಿ. ಬಳಕೆ ಪ್ರತಿಯ ಗಾತ್ರ ತಗ್ಗಿಸಬೇಕಾದಲ್ಲಿ ಮೊದಲು ಬಿಟ್ ದರವನ್ನು ಪರಿಶೀಲಿಸಿರಿ, ಮಾದರಿ ದರವನ್ನಲ್ಲ. ಸಾರ್ವಜನಿಕರು, ಶಾಲೆಗಳು ಹಾಗೂ ಕಲಾ ಸಂಘಗಳು ತಮ್ಮಲ್ಲಿರುವ ಧ್ವನಿಮುದ್ರಣಗಳನ್ನು ಟೇಪು ಕೆಡುವ ಮುನ್ನವೇ ಈ ಕ್ರಮದಲ್ಲಿ ವರ್ಗಾಯಿಸಿಕೊಳ್ಳಬೇಕೆಂದು ಕೋರಲಾಗಿದೆ.