ಸೊನ್ನೆಗೂ ಚಿಹ್ನೆ ಉಂಟೆ?

ಗಣಿತದಲ್ಲಿ ಸೊನ್ನೆ ಧನವೂ ಅಲ್ಲ, ಋಣವೂ ಅಲ್ಲ. ಕಂಪ್ಯೂಟರಿನ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳಲ್ಲಿ ಹಾಗಲ್ಲ. 1985ರ ಐಇಇಇ 754 ಮಾನಕದಂತೆ, 64 ಬಿಟ್‌ಗಳಲ್ಲಿ ಒಂದು ಬಿಟ್ ಚಿಹ್ನೆಗೇ ಮೀಸಲು. ಹೀಗಾಗಿ +0, -0 ಎರಡೂ ಇವೆ. -1ನ್ನು ಮತ್ತೆ ಮತ್ತೆ 2ರಿಂದ ಭಾಗಿಸುತ್ತ ಹೋದರೆ 1075ನೆಯ ಬಾರಿಗೆ -0 ಬರುತ್ತದೆ.

ಇವೆರಡನ್ನು ಹೋಲಿಸಿದರೆ ‘ಸಮ’ ಎಂದೇ ಉತ್ತರ. ‘ಸೊನ್ನೆಗಿಂತ ಕಡಿಮೆಯೆ?’ ಎಂದರೆ -0 ಕೂಡ ‘ಅಲ್ಲ’ ಎನ್ನುತ್ತದೆ. ಆದರೆ 1ನ್ನು +0ಯಿಂದ ಭಾಗಿಸಿದರೆ ಧನ ಅನಂತ, -0ಯಿಂದ ಭಾಗಿಸಿದರೆ ಋಣ ಅನಂತ! ಎಕ್ಸ್ ನಿರ್ದೇಶಾಂಕ -1 ಆಗಿ, ವೈ ನಿರ್ದೇಶಾಂಕ +0 ಆದರೆ ಕೋನ 180°, -0 ಆದರೆ -180°. ಚಿಹ್ನೆ ಮರೆತರೆ ಲೆಕ್ಕವೇ ದಿಕ್ಕು ತಪ್ಪೀತು.

ಪತ್ತೆಹಚ್ಚುವುದು ಹೇಗೆ? ಸಿ ಭಾಷೆಯ 1999ರ ಮಾನಕದಲ್ಲಿರುವ ‘ಸೈನ್‌ಬಿಟ್’ ಹೋಲಿಕೆಗೆ ಹೋಗದೆ ಆ ಒಂದು ಬಿಟ್ಟನ್ನೇ ನೋಡಿ ಹೇಳುತ್ತದೆ. ವಿದ್ಯಾರ್ಥಿಗಳು ಪ್ರಯೋಗಿಸಿ ನೋಡಬಹುದು.