ಮನೆಯ ವಿದ್ಯುತ್ ಕಾರ್ ಚಾರ್ಜರ್: ಬೋರ್ಡ್ ಬದಲಿಸುವ ಮುನ್ನ ಎರಡು ತಂತಿಗಳ ಪರೀಕ್ಷೆ

ಮೂಡಲಗಿ ತಾಲ್ಲೂಕಿನ ನಾಗನೂರದಂತಹ ಊರುಗಳಲ್ಲಿ ವರ್ತಕರ ಮನೆ, ಅಂಗಡಿ ಹಾಗೂ ಗೋದಾಮುಗಳು ಒಂದೇ ಕಟ್ಟಡದಲ್ಲಿರುವುದುಂಟು. ಇಂತಹ ಕಟ್ಟಡದಲ್ಲಿ ವರ್ತಕರೊಬ್ಬರು ತಮ್ಮ ವಿದ್ಯುತ್ ಕಾರಿಗಾಗಿ 32 ಆಂಪಿಯರ್‌ನ ಚಾರ್ಜರ್ ಅಳವಡಿಸಿದ್ದಾರೆಂದು ಭಾವಿಸೋಣ. ರಾತ್ರಿ ಜೋಡಿಸಿದ ಕಾರಿನ ಬ್ಯಾಟರಿ ಬೆಳಗಾದರೂ ತುಂಬಿರುವುದಿಲ್ಲ. ಚಾರ್ಜರಿನ ಮೇಲೆ ಮೀಟರ್ ಸಂಪರ್ಕವಿಲ್ಲವೆಂಬ ಸೂಚನೆ ಕಾಣುತ್ತದೆ. ವಸೂಲಿಗೆ ಹೊರಡಬೇಕಾದವರು ಮನೆಯಲ್ಲೇ ಉಳಿಯುತ್ತಾರೆ. ‘ಬೋರ್ಡ್ ಸುಟ್ಟಿದೆ, ಬದಲಿಸಬೇಕು’ ಎಂಬ ಸಲಹೆಯೂ ಬರುತ್ತದೆ. ಆ ಖರ್ಚಿಗೆ ಒಪ್ಪಿಗೆ ಕೊಡುವ ಮುನ್ನ ಚಾರ್ಜರ್ ಹಾಗೂ ಮೀಟರ್ ನಡುವಿನ ಎರಡು ಸಣ್ಣ ತಂತಿಗಳನ್ನು ಪರೀಕ್ಷಿಸುವುದು ಅವಶ್ಯ.

ಚಾರ್ಜರಿಗೆ ಮೀಟರ್ ಏಕೆ?

ಕಟ್ಟಡದ ಒಟ್ಟು ಬಳಕೆಯು ಹೆಸ್ಕಾಂ ಮಂಜೂರು ಮಾಡಿದ ಲೋಡ್ ಮೀರದಂತೆ ನೋಡಿಕೊಳ್ಳುವ ವ್ಯವಸ್ಥೆ ಕೆಲವು ಚಾರ್ಜರುಗಳಲ್ಲಿ ಇರುತ್ತದೆ. ಇದಕ್ಕಾಗಿ ಹೆಸ್ಕಾಂ ಮೀಟರಿನ ನಂತರ ಪ್ರತ್ಯೇಕ ಮೀಟರೊಂದನ್ನು ಕೂಡಿಸಿ, ಅದರ ಅಂಕಿಗಳನ್ನು ಸೀರಿಯಲ್ ತಂತಿಯ ಮೂಲಕ ಚಾರ್ಜರಿಗೆ ತಲುಪಿಸಲಾಗುತ್ತದೆ. ಅಂಕಿಗಳು ಬಾರದಿದ್ದಲ್ಲಿ ಕೆಲವು ಚಾರ್ಜರುಗಳು ಸುರಕ್ಷತೆಗಾಗಿ 6 ಆಂಪಿಯರ್‌ಗೆ ಇಳಿಯುತ್ತವೆ, ಕೆಲವು ಪೂರ್ತಿ ನಿಲ್ಲುತ್ತವೆ. 230 ವೋಲ್ಟ್‌ನಲ್ಲಿ 32 ಆಂಪಿಯರ್‌ನಂತೆ 8 ಗಂಟೆಗೆ ಸುಮಾರು 59 ಯೂನಿಟ್ ದೊರೆತರೆ, 6 ಆಂಪಿಯರ್‌ನಂತೆ ದೊರೆಯುವುದು ಕೇವಲ 11 ಯೂನಿಟ್. ಕೆಟ್ಟಿದೆಯೆಂದು ತೋರುವ ಚಾರ್ಜರ್ ವಾಸ್ತವವಾಗಿ ಎಚ್ಚರಿಕೆ ವಹಿಸುತ್ತಿರಬಹುದು.

ಈ ಸಂಪರ್ಕಕ್ಕೆ ಸಾಮಾನ್ಯವಾಗಿ ಬಳಸುವುದು 1983ರಲ್ಲಿ ರೂಪುಗೊಂಡ ಆರ್‌ಎಸ್-485 ಮಾನದಂಡ. ಅದರ ಮೇಲೆ ಸಾಗುವ ಭಾಷೆ 1979ರಿಂದ ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ಮಾಡ್‌ಬಸ್. ‘ಎ’ ಮತ್ತು ‘ಬಿ’ ಎಂಬ ಎರಡು ತಂತಿಗಳ ನಡುವಿನ ವೋಲ್ಟೇಜ್ ವ್ಯತ್ಯಾಸವೇ ಇಲ್ಲಿ ಸಂದೇಶವಾಗುತ್ತದೆ.

ಪರೀಕ್ಷೆಯ ಕ್ರಮ

ಪೆಟ್ಟಿಗೆಯೊಳಗೆ 230 ವೋಲ್ಟ್ ವಿದ್ಯುತ್ ಇರುವುದರಿಂದ ಎಂಸಿಬಿ ಆರಿಸಿದ ನಂತರ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸತಕ್ಕದ್ದು. ಹೆಸ್ಕಾಂ ಮೀಟರನ್ನಾಗಲಿ ಅದರ ಸೀಲನ್ನಾಗಲಿ ಮುಟ್ಟಲಾಗದು.

1. ಸಡಿಲ ಸ್ಕ್ರೂ: ಪ್ರತಿ ತಂತಿಯನ್ನೂ ಮೆಲ್ಲಗೆ ಎಳೆದು ನೋಡಬೇಕು. ತಾಮ್ರದ ಬದಲು ಪ್ಲಾಸ್ಟಿಕ್ ಹೊದಿಕೆಯ ಮೇಲೆ ಸ್ಕ್ರೂ ಕೂತಿದ್ದರೆ ಸಂಪರ್ಕ ಬಂದು ಹೋಗುತ್ತಿರುತ್ತದೆ.

2. ಅದಲು ಬದಲು: ‘ಎ’, ‘ಬಿ’ ಗುರುತುಗಳನ್ನು ಎಲ್ಲ ತಯಾರಕರೂ ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ‘ಎ’ಗೆ ‘ಎ’ ಜೋಡಿಸಿಯೂ ಸಂಪರ್ಕ ಬಾರದಿದ್ದರೆ ಒಂದು ತುದಿಯಲ್ಲಿ ಮಾತ್ರ ತಂತಿಗಳನ್ನು ಅದಲು ಬದಲು ಮಾಡಿ ನೋಡಬಹುದು. ಇದರಿಂದ ಉಪಕರಣಕ್ಕೆ ಹಾನಿಯಿಲ್ಲ.

3. ಓಮ್ ಅಳತೆ: ವಿದ್ಯುತ್ ಆರಿಸಿ ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿಯಬೇಕು. ಎರಡೂ ತುದಿಗಳಲ್ಲಿ 120 ಓಮ್ ರೆಸಿಸ್ಟರ್ ಇದ್ದಲ್ಲಿ ಸುಮಾರು 60 ಓಮ್, ಒಂದೇ ಇದ್ದಲ್ಲಿ ಸುಮಾರು 120 ಓಮ್ ತೋರುತ್ತದೆ. ಸೊನ್ನೆಯ ಸಮೀಪವಿದ್ದರೆ ತಂತಿಗಳು ಒಂದಕ್ಕೊಂದು ತಾಗಿವೆಯೆಂದು ತಿಳಿಯಬೇಕು. ಹತ್ತಾರು ಅಡಿಗಳ ತಂತಿಗೆ ರೆಸಿಸ್ಟರ್ ಬೇಕೇ ಬೇಡವೇ ಎಂಬುದಕ್ಕೆ ತಯಾರಕರ ಕೈಪಿಡಿಯೇ ಪ್ರಮಾಣ.

4. ತಂತಿಯ ಮಾರ್ಗ: ಒಂದಕ್ಕಿಂತ ಹೆಚ್ಚು ಉಪಕರಣಗಳಿದ್ದಲ್ಲಿ ತಂತಿಯು ಒಂದರಿಂದ ಮತ್ತೊಂದಕ್ಕೆ ಮಾಲೆಯಂತೆ ಸಾಗಬೇಕು, ಕವಲೊಡೆಯಬಾರದು. ಹಿಟ್ಟಿನ ಗಿರಣಿ ಅಥವಾ ಪಂಪಿನ ಮೋಟರ್ ಚಾಲೂ ಆದಾಗಲೇ ಸಂಪರ್ಕ ಕಡಿಯುತ್ತಿದ್ದರೆ ದೋಷ ಮಾರ್ಗದಲ್ಲಿದೆ. ಹೆಣೆದ ಜೋಡಿ ತಂತಿಯುಳ್ಳ ಶೀಲ್ಡೆಡ್ ಕೇಬಲನ್ನು ವಿದ್ಯುತ್ ತಂತಿಗಳಿಂದ ದೂರದಲ್ಲಿ, ಬೇರೆ ಪೈಪಿನಲ್ಲಿ ಎಳೆದು, ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡುವುದು ವಾಡಿಕೆ.

5. ಸೆಟ್ಟಿಂಗ್: ತಂತಿ ಸರಿಯಿದ್ದೂ ಸಂಪರ್ಕ ಬಾರದಿರಬಹುದು. ಮೀಟರಿನ ವಿಳಾಸ ಸಂಖ್ಯೆ (1ರಿಂದ 247), ವೇಗ (ಉದಾಹರಣೆಗೆ 9600) ಹಾಗೂ ಪ್ಯಾರಿಟಿ ಇವು ಚಾರ್ಜರಿನಲ್ಲಿ ದಾಖಲಿಸಿದಂತೆಯೇ ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಮೀಟರ್ ಉತ್ತರಿಸುವುದಿಲ್ಲ.

6. ಅಂತಿಮ ನಿರ್ಣಯ: ಹಳೆಯ ತಂತಿಯನ್ನು ಬಿಚ್ಚಿ, ಎರಡು ಮೀಟರ್ ಉದ್ದದ ಹೊಸ ತಂತಿಯಿಂದ ಎರಡೂ ಉಪಕರಣಗಳನ್ನು ತಾತ್ಕಾಲಿಕವಾಗಿ ಸಮೀಪದಲ್ಲಿ ಜೋಡಿಸಿ ನೋಡಬೇಕು. ಸಂಪರ್ಕ ಬಂದರೆ ದೋಷ ತಂತಿಯದು. ಆಗಲೂ ಬಾರದಿದ್ದರೆ ಮಾತ್ರ ಬೋರ್ಡ್ ಅಥವಾ ಮೀಟರ್ ಬದಲಿಸುವ ಮಾತಿಗೆ ಆಧಾರವಿರುತ್ತದೆ.

ಕಾರಿಗೆ ಜೋಡಿಸುವ ಗನ್ನಿನೊಳಗಿನ ಸಂಕೇತ ತಂತಿಯು ಬೇರೆಯೇ ವ್ಯವಸ್ಥೆ. ಕಾರು ಜೋಡಿಸಿದಾಗ ಮಾತ್ರ ದೋಷ ಕಂಡರೆ ಅತ್ತ ಗಮನ ಹರಿಸಬೇಕು. ಕಾರಿಲ್ಲದಾಗಲೂ ಮೀಟರ್ ಸೂಚನೆ ಉಳಿದಿದ್ದರೆ ಮೇಲಿನ ಕ್ರಮವೇ ಸರಿ.

ಲೆಕ್ಕಪತ್ರದ ದೃಷ್ಟಿಯಿಂದ

ಚಾರ್ಜರಿನ ಮೇಲಿನ ಜಿಎಸ್‌ಟಿ ದರವು 2019ರ ಆಗಸ್ಟ್ 1ರಿಂದ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ಆದರೆ ಪ್ರತ್ಯೇಕವಾಗಿ ಕೊಂಡ ಕೇಬಲ್, ಮೀಟರುಗಳಿಗೆ ಅವುಗಳದೇ ದರ ಅನ್ವಯಿಸುತ್ತದೆ. ಆದ್ದರಿಂದ ಬಿಲ್ಲಿನಲ್ಲಿ ಪ್ರತಿ ಬಾಬನ್ನೂ ಬೇರೆಯಾಗಿ ತೋರಿಸುವಂತೆ ಕೇಳಬೇಕು. ಅಳವಡಿಕೆಯ ದಿನವೇ ತಂತಿ ಜೋಡಣೆಯ ಛಾಯಾಚಿತ್ರ, ಸೆಟ್ಟಿಂಗ್‌ಗಳ ಪಟ್ಟಿ ಹಾಗೂ ವಾರಂಟಿ ಪತ್ರವನ್ನು ಒಂದೇ ಕಡತದಲ್ಲಿಡುವುದು ಒಳಿತು. ಬೋರ್ಡ್ ಬದಲಿಸಬೇಕೆಂದು ಸೂಚಿಸಿದವರಿಂದ, ಮೇಲಿನ ಯಾವ ಪರೀಕ್ಷೆಗಳನ್ನು ಮಾಡಿದರು ಹಾಗೂ ಯಾವ ಅಳತೆ ದೊರೆಯಿತು ಎಂಬುದನ್ನು ಬರಹದಲ್ಲಿ ಪಡೆಯಬೇಕು. ಚೀಟಿಯಿಲ್ಲದೆ ಸರಕು ಬಿಡದ ವರ್ತಕರು, ಪರೀಕ್ಷೆಯ ಚೀಟಿಯಿಲ್ಲದೆ ದುರಸ್ತಿಗೆ ಹಣ ಬಿಡಬೇಕಾದ ಕಾರಣವಿಲ್ಲ.