ತೋರಿಸುವ ವಿದ್ಯೆ

ಪ್ರೌಢಶಾಲೆಯ ಮಕ್ಕಳು ಈಗ ಪ್ರಬಂಧವನ್ನು ಬರೆದು ಒಪ್ಪಿಸಿದರೆ ಸಾಲದು. ಚಿತ್ರ, ಬರೆಹ, ಧ್ವನಿಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಿ, ಪರದೆಯ ಮೇಲೆ ತೋರಿಸುತ್ತ ವಿಷಯವನ್ನು ನಿರೂಪಿಸಬೇಕಾಗಿದೆ. ಇದಕ್ಕೆ ಬಹುಮಾಧ್ಯಮ ಪ್ರಸ್ತುತಿಯೆಂದು ಹೆಸರು. ಯಂತ್ರವನ್ನು ನಡೆಸುವ ಕ್ರಮವನ್ನು ಮಕ್ಕಳು ಎರಡು ದಿನಗಳಲ್ಲಿ ತಾವೇ ಕಲಿಯುವರು. ಮಾಡಿದುದನ್ನು ತೂಗಿನೋಡುವ ಬಗೆಯನ್ನು ಮಾತ್ರ ಹಿರಿಯರು ಕಲಿಸಬೇಕು. ಇದನ್ನು ನಾವು ಅರಿತುದು ನಮ್ಮ ತಪ್ಪಿನಿಂದ.

ನಿವೃತ್ತಿಗೆ ಮುಂಚೆ ಒಂಬತ್ತನೆಯ ತರಗತಿಗೆ ಜೋಗದ ಜಲಪಾತವನ್ನು ವಿಷಯವಾಗಿ ಕೊಟ್ಟಿದ್ದೆವು. ಒಬ್ಬ ಹುಡುಗನು ಭೋರ್ಗರೆಯುವ ನೀರಿನ ಚಿತ್ರವನ್ನು ಪರದೆಯ ತುಂಬ ಹರಡಿ, ವಾದ್ಯವನ್ನು ನುಡಿಸಿ, ಅಕ್ಷರಗಳು ತಿರುತಿರುಗಿ ಬಂದು ನಿಲ್ಲುವಂತೆ ಮಾಡಿದನು. ತರಗತಿಯೆಲ್ಲ ಚಪ್ಪಾಳೆ ತಟ್ಟಿತು. ನಾವೂ ಮೆಚ್ಚಿ 20ಕ್ಕೆ 18 ಅಂಕಗಳನ್ನು ಕೊಟ್ಟೆವು. ಅನಂತರ ಬಂದ ಹುಡುಗಿಯದು ಕೈಯಿಂದ ಬರೆದ ಒಂದೇ ನಕ್ಷೆ. 253 ಮೀಟರ್ ಎತ್ತರದಿಂದ ಧುಮುಕುವ ಶರಾವತಿಯು ಬೇಸಗೆಯಲ್ಲಿ ಏಕೆ ಸೊರಗುವಳು, ಮೇಲ್ಗಡೆ 1964ರಲ್ಲಿ ಕಟ್ಟಿದ ಲಿಂಗನಮಕ್ಕಿಯ ಅಣೆಕಟ್ಟು ನೀರನ್ನು ಹೇಗೆ ತಡೆದು ವಿದ್ಯುತ್ತಿಗೆ ಒದಗಿಸುವುದು ಎಂಬುದನ್ನು ಆಕೆ ಬಿಡಿಸಿ ಹೇಳಿದಳು. ಆಕೆಗೆ ನಾವು ಕೊಟ್ಟುದು 11.

ಆಕೆ ಮೆಲ್ಲನೆ ಕೇಳಿದಳು: “ಸಾರ್, ಜೋಗದಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕು ಧಾರೆಗಳಲ್ಲವೆ? ಮೊದಲಿನ ಚಿತ್ರದಲ್ಲಿ ಅವು ಕಾಣಲಿಲ್ಲ.”

ವಿಚಾರಿಸಿದರೆ ಅದು ನಯಾಗರದ ಚಿತ್ರ! ಹುಡುಗನು ತಲೆ ತಗ್ಗಿಸಿದನು. ತಗ್ಗಬೇಕಾದ ತಲೆ ನಮ್ಮದಾಗಿತ್ತು. ಯಾವ ಗುಣಕ್ಕೆ ಎಷ್ಟು ಅಂಕವೆಂದು ನಾವು ಮೊದಲೇ ಹೇಳಿರಲಿಲ್ಲ.

ಆ ರಾತ್ರಿ ನಮಗೆ ಹಳೆಯ ಶಾಸ್ತ್ರಪಾಠಗಳು ನೆನಪಾದವು. ಗ್ರಂಥಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ತಿಳಿಸುವುದು ಪೂರ್ವಿಕರ ಪದ್ಧತಿ. ಮರುದಿನ ಕಂಪ್ಯೂಟರನ್ನು ಮುಚ್ಚಿಸಿ, ಏನನ್ನು ಹೇಳುವೆ, ಏತಕ್ಕೆ ಹೇಳುವೆ, ತೋರಿಸುವುದಕ್ಕೂ ಹೇಳುವುದಕ್ಕೂ ಏನು ಸಂಬಂಧ, ಕೇಳುವವರು ಯಾರು ಎಂಬುದನ್ನು ಹಾಳೆಯಲ್ಲಿ ಬರೆಯಿಸಿದೆವು. ವಾಕ್ಯದ ಅರ್ಥವಾಗಲು ಪದಗಳಿಗೆ ಸನ್ನಿಧಿ ಬೇಕೆಂದು ತಾರ್ಕಿಕರು ಹೇಳುವರು. ಚಿತ್ರವು ಒಂದು ಸ್ಲೈಡಿನಲ್ಲಿಯೂ ಅದರ ವಿವರಣೆಯು ಮತ್ತೊಂದರಲ್ಲಿಯೂ ಇದ್ದರೆ ಸನ್ನಿಧಿ ತಪ್ಪಿತು. ಪರದೆಯ ಮೇಲಿನ ವಾಕ್ಯವನ್ನೇ ಗಟ್ಟಿಯಾಗಿ ಓದಿದರೆ ಪುನರುಕ್ತಿದೋಷ. ವಿಷಯಕ್ಕೆ ಸೇರದ ವಾದ್ಯವು ಕ್ಷೇಮೇಂದ್ರನು ಹೇಳಿದ ಔಚಿತ್ಯಕ್ಕೆ ಭಂಗ. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರು ಬಹುಮಾಧ್ಯಮ ಕಲಿಕೆಯನ್ನು ಕುರಿತು 2001ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪ್ರಯೋಗಗಳ ಆಧಾರದಿಂದ ಇಂತಹ ನಿಯಮಗಳನ್ನೇ ಹೇಳಿರುವರು. ಮನಸ್ಸು ಒಮ್ಮೆಗೆ ಹಿಡಿಯಬಲ್ಲುದು ಸ್ವಲ್ಪವೇ ಆದುದರಿಂದ, ಬೇಡದ ಸದ್ದು ಚಿತ್ರಗಳು ಬೇಕಾದುದರ ಸ್ಥಳವನ್ನು ಕಸಿದುಕೊಳ್ಳುವುವು.

ತೂಗುವ ಪಟ್ಟಿಯನ್ನು ಮಕ್ಕಳಿಂದಲೇ ಮಾಡಿಸಿದೆವು: ಸತ್ಯಕ್ಕೂ ಆಧಾರಕ್ಕೂ 8, ನಿರೂಪಣೆಯ ಕ್ರಮಕ್ಕೆ 5, ಮಾತು ಚಿತ್ರಗಳ ಹೊಂದಿಕೆಗೆ 4, ಅಲಂಕಾರಕ್ಕೆ 3. ಮೊದಲು ತಮ್ಮದನ್ನು ತೂಗಿ, ಬಳಿಕ ಗೆಳೆಯರದನ್ನು ತೂಗಬೇಕು. ಕಳೆದ ಪ್ರತಿ ಅಂಕಕ್ಕೂ ಕಾರಣವನ್ನು ಬರೆಯಬೇಕು. ಪರದೆ ಆರಿದ ಮೇಲೆ, ಕೇಳಿದವರು ತಮಗೆ ತಿಳಿದುದನ್ನು ಎರಡು ವಾಕ್ಯಗಳಲ್ಲಿ ಬರೆಯಬೇಕು. ಅವರ ಲೇಖನಿ ಓಡದಿದ್ದರೆ ಪ್ರಸ್ತುತಿಯನ್ನು ತಿದ್ದಬೇಕೆಂದರ್ಥ. ಹುಡುಗಿಯ ಅಂಕಗಳನ್ನು ನಾವು ತರಗತಿಯ ಎದುರಿನಲ್ಲಿಯೇ ಈ ಪಟ್ಟಿಯಂತೆ ತಿದ್ದಿದೆವು.

ಹುಡುಗನು ವಾದ್ಯವನ್ನು ಬಿಟ್ಟು, ಜೋಗದ್ದೇ ಚಿತ್ರದೊಡನೆ ಮತ್ತೆ ಬಂದನು. ತನ್ನ ಪಟ್ಟಿಯಲ್ಲಿ ತಾನೇ ಎರಡು ಅಂಕಗಳನ್ನು ಕಳೆದಿದ್ದನು. ಏಕೆಂದು ಕೇಳಿದೆವು. “ಈ ಚಿತ್ರ ಯಾರು ತೆಗೆದದ್ದು, ಯಾವ ತಿಂಗಳಲ್ಲಿ ತೆಗೆದದ್ದು ಅಂತ ಗೊತ್ತಾಗಲಿಲ್ಲ ಸಾರ್” ಎಂದನು. ಮೊದಲಿನ ಚಪ್ಪಾಳೆಗಿಂತ ಈ ಮಾತು ನಮಗೆ ಹೆಚ್ಚು ಸಂತೋಷವನ್ನು ಕೊಟ್ಟಿತು.

ಮನೆಯಲ್ಲಿ ಮಗುವು ತನ್ನ ಪ್ರಸ್ತುತಿಯನ್ನು ತೋರಿಸಲು ಬಂದಾಗ, ತಂದೆತಾಯಿಗಳು “ಭಲೆ” ಎನ್ನುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಲಿ: ಇದು ನಿಜವೆಂದು ನಿನಗೆ ಹೇಗೆ ಗೊತ್ತು? ಇದನ್ನು ತೆಗೆದುಹಾಕಿದರೆ ಏನು ನಷ್ಟ? ಇವಕ್ಕೆ ಉತ್ತರ ಹೇಳಬಲ್ಲ ಮಗುವು ನಾಳೆ ಇತರರು ತೋರಿಸಿದುದನ್ನೂ ಸುಮ್ಮನೆ ನಂಬದು.